ಹಿತ್ತಿಲ ಮಣ್ಣನ್ನು ಅಗೆಯುವ ಹಕ್ಕು

ಪೂರ್ವಿಕರ ವಾಡೆಗಳ ಅಂಗಳದಲ್ಲಿಯೂ, ಪಾಳುಬಿದ್ದ ದೇಸಾಯರ ಮನೆಗಳ ಹಿತ್ತಿಲಿನಲ್ಲಿಯೂ, ಹಳೆಯ ಕೋಟೆಪೇಟೆಗಳ ಬೀದಿಬದಿಯಲ್ಲಿಯೂ ಲೋಹಶೋಧಕ ಯಂತ್ರವನ್ನು ಹಿಡಿದು ನಾಣ್ಯಗಳನ್ನು ಹುಡುಕುವುದು ನಿರುಪದ್ರವಿಯಾದ ಹವ್ಯಾಸವೆಂದೂ, ಅದನ್ನು ನಿಧಿಗಳ್ಳತನದೊಡನೆ ಸಮೀಕರಿಸುವುದು ಅನ್ಯಾಯವೆಂದೂ, ಇಂಗ್ಲೆಂಡಿನಲ್ಲಿರುವಂತೆ ನಮ್ಮಲ್ಲಿಯೂ ಅದಕ್ಕೆ ಅವಕಾಶವಿರಬೇಕೆಂದೂ ವಾದಿಸುವವರಿದ್ದಾರೆ. ಈ ವಾದವನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. ಹವ್ಯಾಸಿಯ ಮನಸ್ಸಿನಲ್ಲಿ ದುರಾಸೆ ಲೇಶವೂ ಇಲ್ಲದಿರಬಹುದು, ಇತಿಹಾಸದ ಮೇಲಣ ಪ್ರೀತಿಯೇ ಅವನನ್ನು ಆ ಹಿತ್ತಿಲಿಗೆ ಕರೆತಂದಿರಬಹುದು. ಆದರೆ ಹಾಡಹಗಲಿನಲ್ಲಿ ಅವನು ತೋಡುವ ಕುಳಿಗೂ, ಅಮಾವಾಸ್ಯೆಯ ರಾತ್ರಿ ನಿಧಿಗಳ್ಳನು ತೋಡುವ ಕುಳಿಗೂ ನೆಲಕ್ಕಾಗುವ ಹಾನಿಯಲ್ಲಿ ಯಾವ ಭೇದವೂ ಇಲ್ಲ.

ಯಂತ್ರದ ಸ್ವಭಾವವನ್ನೇ ಮೊದಲು ವಿಚಾರಿಸೋಣ. ಅದರ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವೊಂದನ್ನು ನೆಲದೊಳಕ್ಕೆ ಹರಡುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಪ್ರೇರಿತವಾದ ಪ್ರವಾಹವು ಯಂತ್ರಕ್ಕೆ ಮರಳಿ ಸೂಚನೆ ಕೊಡುತ್ತದೆ. ಲೋಹವಲ್ಲದುದೆಲ್ಲಕ್ಕೂ ಅದು ಕಿವುಡು. ಹಳೆಯ ಮನೆಯೊಂದರ ಸುತ್ತ ಶತಮಾನಗಳಿಂದ ಸಂಚಯಗೊಂಡ ಮಡಕೆಯ ಚೂರು, ಬಳೆಯ ಗಾಜು, ಒಲೆಯ ಬೂದಿ, ಕರಿಕಾದ ಜೋಳದ ಕಾಳು, ದನದ ಎಲುಬು, ಹಗೇವಿನ ಬಾಯಿ, ಇವೊಂದೂ ಅದಕ್ಕೆ ಕೇಳಿಸದು. ಆ ಮನೆಯಲ್ಲಿ ವರಾಹಗಳನ್ನು ಎಣಿಸಿದವನು ಒಬ್ಬ ಯಜಮಾನ. ಅಲ್ಲಿ ಬೀಸಿದವರು, ಬೇಯಿಸಿದವರು, ಕೊಟ್ಟಿಗೆ ಬಳಿದವರು, ಜೀತವಿದ್ದವರು ನೂರಾರು ಮಂದಿ. ಶಾಸನಗಳಲ್ಲಿ ಹೆಸರಿಲ್ಲದ ಈ ಜನರ ಬಾಳಿಗೆ ಉಳಿದಿರುವ ಏಕೈಕ ಸಾಕ್ಷ್ಯವು ಯಂತ್ರಕ್ಕೆ ಕೇಳಿಸದ ಆ ಮಣ್ಣಿನಲ್ಲಿಯೇ ಇದೆ. ಯಜಮಾನನ ನಾಣ್ಯವೊಂದನ್ನು ಮೇಲೆತ್ತುವುದಕ್ಕಾಗಿ ಹವ್ಯಾಸಿಯು ಅಗೆದು ಪಕ್ಕಕ್ಕೆಸೆಯುವುದು ಅದನ್ನೇ.

ದೋಷವು ಯಂತ್ರದ್ದೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1983ರ ಕಾಳ್ಗಿಚ್ಚಿನಿಂದ ಹುಲ್ಲೆಲ್ಲ ಸುಟ್ಟುಹೋದ ಬಳಿಕ, ಪುರಾತತ್ತ್ವಜ್ಞರು ಇದೇ ಯಂತ್ರದಿಂದ ಗುಂಡುಗಳನ್ನು ಹುಡುಕಿ, ಒಂದೊಂದೂ ಬಿದ್ದಿದ್ದ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, 1876ರ ಆ ಯುದ್ಧದ ಗತಿಯನ್ನೇ ಹೊಸದಾಗಿ ನಿರೂಪಿಸಿದರು. ಸ್ಥಾನವನ್ನು ಗುರುತಿಸುವ ಶಿಸ್ತಿದ್ದುದರಿಂದಲೇ ಅದು ಸಾಧ್ಯವಾಯಿತು.

ಸ್ಥಾನದ ಮಹತ್ತ್ವಕ್ಕೆ ನಮ್ಮ ನೆಲದಲ್ಲಿಯೇ ಉತ್ತಮವಾದ ನಿದರ್ಶನವಿದೆ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಎಂ. ಎಚ್. ಕೃಷ್ಣ ಅವರೂ, ತರುವಾಯ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ಶಾತವಾಹನರ ನಾಣ್ಯಗಳೊಡನೆ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವೂ ದೊರೆಯಿತು. ಟೈಬೀರಿಯಸನ ನಾಣ್ಯವು ಲೋಕದಲ್ಲಿ ದುರ್ಲಭವೇನಲ್ಲ; ಆದರೆ ಇಂಥ ಪದರದಲ್ಲಿ, ಇಂಥ ಮಡಕೆಚೂರುಗಳ ನಡುವೆ ಅದು ಇದ್ದಿತೆಂಬ ಸಂಗತಿಯು ಆ ಊರಿನ ಬದುಕನ್ನು ಕ್ರಿಸ್ತಶಕದ ಆದಿಭಾಗಕ್ಕೆ ಬಿಗಿದು ಕಟ್ಟಿತು. ಅದೇ ಬಗೆಯ ಚೂರುಗಳ ಆಧಾರದಿಂದ ಅದೇ ಜಿಲ್ಲೆಯ ಬ್ರಹ್ಮಗಿರಿ ನಿವೇಶನದ ಪದರಗಳಿಗೂ, ಅವುಗಳ ಕೆಳಗಿನ ಬೃಹತ್‌ಶಿಲಾ ಸಮಾಧಿಗಳ ಕಾಲಕ್ಕೂ ಕಾಲಗಣನೆಯ ಎಳೆಯೊಂದು ದೊರೆತಂತಾಯಿತು. ಆ ನಾಣ್ಯವನ್ನು ಹವ್ಯಾಸಿಯೊಬ್ಬನು ಮುಂಚಿತವಾಗಿಯೇ ಕಿತ್ತು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ಅವನ ಸಂಗ್ರಹಕ್ಕೆ ಒಂದು ಬೆಳ್ಳಿಯ ಬಿಲ್ಲೆ ಹೆಚ್ಚುತ್ತಿತ್ತು, ನಾಡಿನ ಚರಿತ್ರೆಗೆ ಒಂದು ಆಧಾರ ತಪ್ಪುತ್ತಿತ್ತು.

ಇನ್ನು ಇಂಗ್ಲೆಂಡಿನ ಮಾತು. ಅಲ್ಲಿ 1996ರ ನಿಧಿ ಕಾಯಿದೆಯಿದೆ. ದೊರೆತ ವಸ್ತುಗಳನ್ನು ದಾಖಲಿಸಿಕೊಳ್ಳುವುದಕ್ಕೆಂದೇ ಪ್ರಾಂತಗಳಲ್ಲಿ ಅಧಿಕಾರಿಗಳಿದ್ದಾರೆ. ಶೋಧಕನಿಗೂ ಭೂಮಾಲಿಕನಿಗೂ ಪ್ರತಿಫಲ ಸಲ್ಲುತ್ತದೆ. ಮೇಲಾಗಿ ಅಲ್ಲಿನ ಹುಡುಕಾಟ ಬಹುಮಟ್ಟಿಗೆ ನಡೆಯುವುದು ನೇಗಿಲು ಈಗಾಗಲೇ ಕಲಕಿರುವ ಹೊಲಗಳಲ್ಲಿ. ಇಷ್ಟಿದ್ದೂ ಏನಾಯಿತೆಂಬುದನ್ನು ನೋಡತಕ್ಕದ್ದು. 2015ರಲ್ಲಿ ಆಕ್ಸ್‌ಫರ್ಡ್‌ಷೈರಿನ ವಾಟ್ಲಿಂಗ್ಟನ್ ಬಳಿ ಒಬ್ಬ ಶೋಧಕನಿಗೆ ಸುಮಾರು 200 ನಾಣ್ಯಗಳ ನಿಕ್ಷೇಪ ಸಿಕ್ಕಿತು. ಅವನು ಅಧಿಕಾರಿಗೆ ತಿಳಿಸಿದನು. ಅದನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಯ್ದು ಬಿಡಿಸಿದರು. ವೆಸೆಕ್ಸಿನ ಅರಸ ಆಲ್ಫ್ರೆಡನೂ ಮರ್ಸಿಯದ ಅರಸ ಎರಡನೆಯ ಚಿಯೋಲ್‌ವುಲ್ಫನೂ ಸರಿಸಮಾನರಾಗಿ ನಾಣ್ಯಗಳನ್ನು ಅಚ್ಚುಮಾಡಿಸಿದ್ದರೆಂದು ಅದರಿಂದ ಖಚಿತವಾಗಿ, ವೈಕಿಂಗರ ಕೈಗೊಂಬೆಯೆಂದು ಚರಿತ್ರೆ ಹೀಗಳೆದಿದ್ದ ಚಿಯೋಲ್‌ವುಲ್ಫನಿಗೆ ಸಾವಿರದ ನೂರು ವರ್ಷಗಳ ಮೇಲೆ ನ್ಯಾಯ ದೊರೆಯಿತು. ಅದೇ ವರ್ಷ ಹೆರಿಫರ್ಡ್‌ಷೈರಿನಲ್ಲಿ ಅದೇ ಅರಸರ ನಾಣ್ಯಗಳಿದ್ದ ಇನ್ನೊಂದು ನಿಕ್ಷೇಪ ಇಬ್ಬರು ಶೋಧಕರ ಕೈಗೆ ಬಿದ್ದಿತು. ಅವರು ಮುಚ್ಚಿಟ್ಟು ಮಾರಿಕೊಂಡರು. ಸುಮಾರು 300 ನಾಣ್ಯಗಳಿದ್ದುವೆಂದು ಅಂದಾಜು. 2019ರಲ್ಲಿ ಅವರಿಗೆ ದೀರ್ಘ ಕಾರಾವಾಸದ ಶಿಕ್ಷೆಯಾಗುವ ವೇಳೆಗೆ ಕೈಗೆ ಬಂದವು ಕೇವಲ 31. ಅಷ್ಟು ವ್ಯವಸ್ಥೆಯಿರುವ ದೇಶದಲ್ಲಿಯೂ ನಾಡಿನ ಇತಿಹಾಸವು ಒಬ್ಬೊಬ್ಬ ಶೋಧಕನ ಪ್ರಾಮಾಣಿಕತೆಯನ್ನೇ ನಂಬಿ ನಿಂತಿದೆಯೆಂದ ಮೇಲೆ, ಅಂಥ ಅಧಿಕಾರಿಯೊಬ್ಬನೂ ತಾಲ್ಲೂಕುಗಳಲ್ಲಿ ಇಲ್ಲದ ನಮ್ಮಲ್ಲಿ ಆ ಸ್ವಾತಂತ್ರ್ಯದ ಫಲವೇನಾದೀತು?

ನಿಧಿಯಾಸೆ ನಮ್ಮಲ್ಲಿ ಎಷ್ಟು ದೂರ ಹೋಗಬಲ್ಲುದೆಂಬುದನ್ನು 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಕಂಡೆವು. ವಿಜಯನಗರದ ಅರಸರು ಗುರುವೆಂದು ಪೂಜಿಸಿದ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಭಕ್ತರು ಅದನ್ನು ಕೂಡಲೇ ಪುನಃ ಕಟ್ಟಿದರು. ಆದರೆ ಊರೂರಿನ ಹಾಳುಗುಡಿಗಳಲ್ಲಿ ಹೊಟ್ಟೆ ಬಗೆಸಿಕೊಂಡ ಬಸವಣ್ಣಗಳನ್ನೂ, ಬುಡಮೇಲಾದ ವೀರಗಲ್ಲುಗಳನ್ನೂ ಎತ್ತಿ ನಿಲ್ಲಿಸುವವರಾರು? ಇಂಥ ನಾಡಿನಲ್ಲಿ ನೆಲದಡಿಯ ಲೋಹವನ್ನು ತೋರಿಸಿಕೊಡುವ ಯಂತ್ರವನ್ನು ಕೇಳಿದವರಿಗೆಲ್ಲ ಮಾರುವುದಕ್ಕೆ ಬಿಡುವುದು ಅವಿವೇಕದ ಪರಮಾವಧಿ.

ಹಿತ್ತಿಲು ನನ್ನದು, ಮನೆ ನನ್ನ ಅಜ್ಜನದು, ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ನೂರು ವರ್ಷ ದಾಟಿದ ನಾಣ್ಯವನ್ನು ಪುರಾವಸ್ತುಗಳ ಸಾಲಿನಲ್ಲಿ ಸೇರಿಸುವ 1972ರ ಕಾಯಿದೆಯಾಗಲಿ, ಕರ್ನಾಟಕದ 1962ರ ನಿಧಿ ಕಾಯಿದೆಯಾಗಲಿ, ನೆಲದ ಒಡೆತನವೊಂದರಿಂದಲೇ ಅದರೊಳಗಿನ ಇತಿಹಾಸದ ಮೇಲೆ ನಿರಂಕುಶ ಸ್ವಾಮ್ಯ ಬರುವುದೆಂದು ಒಪ್ಪಿಲ್ಲ. ಒಪ್ಪಬಾರದು ಕೂಡ.

ನಾವು ಅನುಸರಿಸಬೇಕಾದುದು ಐರ್ಲೆಂಡನ್ನು. 1980ರಲ್ಲಿ ಡೆರಿನಾಫ್ಲನ್ ಎಂಬ ಪ್ರಾಚೀನ ಮಠದ ನೆಲದಿಂದ ಯಂತ್ರಧಾರಿಗಳು ಅಮೂಲ್ಯವಾದ ಪೂಜಾಪಾತ್ರೆಗಳನ್ನು ಕಿತ್ತ ತರುವಾಯ, ಪುರಾವಸ್ತುಗಳನ್ನು ಹುಡುಕುವುದಕ್ಕಾಗಿ ಅನುಮತಿಯಿಲ್ಲದೆ ಶೋಧಕಯಂತ್ರವನ್ನು ಬಳಸುವುದನ್ನೇ ಆ ದೇಶವು 1987ರಲ್ಲಿ ನಿಷೇಧಿಸಿತು. ಕರ್ನಾಟಕವೂ ಅಂಥ ನಿಷೇಧವನ್ನು ತರಬೇಕು. ಅದು ಸಂರಕ್ಷಿತ ಸ್ಮಾರಕಗಳಿಗೆ ಮಾತ್ರ ಸೀಮಿತವಾಗದೆ, ಯಾವ ಪಟ್ಟಿಯಲ್ಲಿಯೂ ಇಲ್ಲದ ವಾಡೆಗಳಿಗೂ ಹುಡೇವುಗಳಿಗೂ ಗುತ್ತಿನ ಮನೆಗಳಿಗೂ ಅನ್ವಯವಾಗಬೇಕು. ಸರ್ಕಾರದ ಮೇಲೆಯೂ ಒಂದು ಋಣವಿದೆ. ಬ್ರಿಟಿಷರು 1878ರಲ್ಲಿ ಮಾಡಿದ ಕಾಯಿದೆಯಲ್ಲಿ ಸರ್ಕಾರವು ನಿಧಿಯನ್ನು ಕೊಳ್ಳಬೇಕಾದರೆ ಕೊಡುವುದು ಲೋಹದ ಬೆಲೆ, ಅದರ ಮೇಲೆ ಐದನೆಯ ಒಂದು ಪಾಲು, ಅಷ್ಟೆ. ಲೋಹದ ತೂಕವನ್ನೇ ಪ್ರಮಾಣವಾಗಿಟ್ಟುಕೊಂಡ ಈ ಲೆಕ್ಕವೇ ತಾಮ್ರದ ಕಾಸನ್ನು ಕಸಕ್ಕೂ ಚಿನ್ನವನ್ನು ಅಕ್ಕಸಾಲಿಗನ ಮೂಸೆಗೂ ಅಟ್ಟುತ್ತದೆ. ತಳಹದಿ ತೋಡುವಾಗಲೋ ಉಳುವಾಗಲೋ ಆಕಸ್ಮಿಕವಾಗಿ ದೊರೆತುದನ್ನು ತಂದೊಪ್ಪಿಸುವ ರೈತನಿಗೆ ಠಾಣೆಗೆ ಅಲೆದಾಡುವ ಭಯವಿಲ್ಲದಂತೆ ಜಿಲ್ಲಾಧಿಕಾರಿಯು ಅಂದೇ ರಸೀದಿ ಕೊಡಬೇಕು, ಚಾರಿತ್ರಿಕ ಬೆಲೆಗೆ ತಕ್ಕ ಪುರಸ್ಕಾರವನ್ನು ವರ್ಷದೊಳಗೆ ಸಲ್ಲಿಸಬೇಕು, ವಸ್ತುವನ್ನು ಸಮೀಪದ ವಸ್ತುಸಂಗ್ರಹಾಲಯದಲ್ಲಿ ಅವನ ಊರಿನ ಹೆಸರಿನೊಡನೆ ಇರಿಸಬೇಕು. ಯಂತ್ರ ಹಿಡಿದು ಅಗೆದವನಿಗಾದರೋ ಬಿಡಿಕಾಸೂ ದೊರೆಯಕೂಡದು.