ಇನ್ನೊಂದು ವರ್ಷ ಯಾರಿಗೆ?

ನೀಟ್ ಫಲಿತಾಂಶ ಬಂದಾಗಿನಿಂದ ಕೌನ್ಸೆಲಿಂಗ್‌ನ ಕೊನೆಯ ಸುತ್ತು ಮುಗಿಯುವವರೆಗೆ ಹಾಸನ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಲಾಂಗ್ ಟರ್ಮ್‌ಗೆ, ಅಂದರೆ ಇನ್ನೊಂದು ವರ್ಷದ ಕೋಚಿಂಗ್‌ಗೆ, ಹಾಕೋದೋ, ಬೇಡವೋ? ಹೊಳೆನರಸೀಪುರದ ಪೇಟೆಯಲ್ಲಿ, ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ, ಅರಕಲಗೂಡಿನ ಮದುವೆ ಮನೆಯ ಪಂಕ್ತಿಯಲ್ಲಿ ಅಪ್ಪಂದಿರು ಒಬ್ಬರನ್ನೊಬ್ಬರು ಕೇಳುತ್ತಾರೆ. ಉತ್ತರವೂ ಅಲ್ಲೇ ಸಿಗುತ್ತದೆ: "ನಮ್ಮ ಷಡ್ಕನ ಮಗ ಹೋದ್ ವರ್ಷ ಹಿಂಗೇ ಆಗಿತ್ತು. ಲಾಂಗ್ ಟರ್ಮ್ ಮಾಡ್ದ, ಈಗ ಹಾಸನದ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲೇ ಸೀಟು. ನೀವೂ ಹಾಕ್ಬಿಡಿ ಗೌಡ್ರೇ." ಷಡ್ಕನ ಮಗನಿಗೆ ಮೊದಲ ಸಲ ಎಷ್ಟು ಬಂದಿತ್ತು, ಯಾವ ವಿಷಯದಲ್ಲಿ ಹೋಗಿತ್ತು, ಅವನದು ಯಾವ ಕೆಟಗರಿ ಎಂದು ಯಾರೂ ಕೇಳುವುದಿಲ್ಲ. ಹದಿನೆಂಟರ ವಯಸ್ಸಿನ ಮಗುವಿನ ಒಂದು ಇಡೀ ವರ್ಷ ಆ ಪಂಕ್ತಿಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಎರಡನೇ ಸಲ ಬರೆಯುವುದರಲ್ಲಿ ಅವಮಾನವಿಲ್ಲ. ಅದು ಅಪರೂಪವೂ ಅಲ್ಲ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ರಾಜ್ಯದಲ್ಲಿ ಎಂಬಿಬಿಎಸ್ ಸೇರಿದವರ ಪೈಕಿ ರಿಪೀಟರ್‌ಗಳ ಪಾಲು ನೀಟ್‌ಗೆ ಮುಂಚೆ ಶೇ 12ರ ಆಸುಪಾಸಿನಲ್ಲಿತ್ತು. 2020–21ರ ಹೊತ್ತಿಗೆ ಅದು ಶೇ 71ಕ್ಕೆ ಏರಿತ್ತು. ನೆರೆಯ ರಾಜ್ಯದ ಲೆಕ್ಕವನ್ನು ಇದ್ದಂತೆ ನಮಗೆ ಹಚ್ಚಬೇಕಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಂತೂ ಗೊತ್ತಾಗುತ್ತದೆ. ಕರ್ನಾಟಕದ ಮಕ್ಕಳಿಗೆ 2016ರವರೆಗೆ ಸರ್ಕಾರಿ ವೈದ್ಯಕೀಯ ಸೀಟಿಗೆ ಸಿಇಟಿ ದಾರಿಯಿತ್ತು, 2017ರಿಂದ ನೀಟ್ ಒಂದೇ. ಪಿಯುಸಿ ಪಾಠದ ಜೊತೆಜೊತೆಗೇ ಓದಿ ದಾಟುವ ಪರೀಕ್ಷೆಯಾಗಿ ಅದು ಬಹಳ ಮಂದಿಗೆ ಉಳಿದಿಲ್ಲ.

ಹಾಗಾದರೆ ಎಲ್ಲರೂ ಇನ್ನೊಂದು ಸಲ ಬರೆಯಬೇಕೇ? ನನ್ನ ಉತ್ತರ ಇಲ್ಲ. ಎರಡನೇ ವರ್ಷಕ್ಕೆ ಕೂರುವ ಮುಂಚೆ ಆ ಮಗು, ಆ ಮನೆ ತಮ್ಮಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹೋದ ವರ್ಷಕ್ಕೂ ಬರುವ ವರ್ಷಕ್ಕೂ ಏನು ಬದಲಾಗುತ್ತದೆ? "ಇನ್ನೂ ಜಾಸ್ತಿ ಓದ್ತಾನೆ ಬಿಡಿ" ಎನ್ನುವುದು ಉತ್ತರವಾಗದು.

ಇಬ್ಬರು ಮಕ್ಕಳನ್ನು ಯೋಚಿಸಿ. ಒಬ್ಬಳು ಅರಕಲಗೂಡು ತಾಲ್ಲೂಕಿನ ಹಳ್ಳಿಯ ಹುಡುಗಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಬಂದ ಮೊದಲ ದಿನವೇ ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಎಲ್ಲವೂ ಇಂಗ್ಲಿಷಿನಲ್ಲಿ. ಅರಕಲಗೂಡಿಗೆ ರೈಲಿಲ್ಲ, ಹಾಸನದ ಕಾಲೇಜಿಗೆ ದಿನಾ ಬಸ್ಸು. ಬೆಳಿಗ್ಗೆ ಹೊರಟರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮೊದಲ ಪಿಯುಸಿ ಪೂರ್ತಿ ಪದಗಳ ಅರ್ಥ ಹುಡುಕುವುದರಲ್ಲಿ, ಎರಡನೇ ಪಿಯುಸಿ ಬೋರ್ಡ್ ಪರೀಕ್ಷೆಯ ಭಯದಲ್ಲಿ ಮುಗಿಯಿತು. ನೀಟ್ ಮಾದರಿಯ 180 ಪ್ರಶ್ನೆಗಳನ್ನು 180 ನಿಮಿಷದಲ್ಲಿ ಕೂತು ಬಿಡಿಸಿದ್ದು ಬೆರಳೆಣಿಕೆಯ ಸಲ. 2017ರಿಂದ ಕನ್ನಡದಲ್ಲೂ ನೀಟ್ ಬರೆಯಬಹುದು, ನಿಜ. ಆದರೆ ಓದಿದ್ದೆಲ್ಲ ಇಂಗ್ಲಿಷಿನಲ್ಲಾದಾಗ ಕನ್ನಡದ ಪ್ರಶ್ನೆಪತ್ರಿಕೆ ಅವಳಿಗೆ ಎಷ್ಟರಮಟ್ಟಿಗೆ ನೆರವಾದೀತು?

ಇನ್ನೊಬ್ಬ ಎಂಟನೇ ತರಗತಿಯಿಂದಲೇ ಫೌಂಡೇಶನ್ ಕೋರ್ಸು, ಪಿಯುಸಿಗೆ ವಸತಿ ಕಾಲೇಜು, ವಾರಕ್ಕೊಂದು ಟೆಸ್ಟು ಎಂದು ಬೆಳೆದ ಹುಡುಗ. ಇಬ್ಬರಿಗೂ 420 ಅಂಕ ಬಂದಿದೆ ಎಂದುಕೊಳ್ಳಿ.

ಹುಡುಗನ 420 ಅವನ ಶಕ್ತಿಯ ಹತ್ತಿರದ ಅಳತೆ. ಅವನಿಗೆ ಸಿಗಬೇಕಾದ್ದೆಲ್ಲ ಸಿಕ್ಕಾಗಿದೆ. ಅದೇ ಮೆಟೀರಿಯಲ್ಲು, ಅದೇ ಟೆಸ್ಟು ಇನ್ನೊಂದು ವರ್ಷ ಮಾಡಿದರೆ ಅಂಕ ಅಲ್ಲಲ್ಲೇ ಸುತ್ತುವ ಸಂಭವ ಹೆಚ್ಚು. ಹುಡುಗಿಯ 420 ಅರ್ಧ ಸಮಯದಲ್ಲಿ, ಅರ್ಧ ಅರ್ಥವಾದ ಭಾಷೆಯಲ್ಲಿ ಬಂದದ್ದು. ಅವಳು ಇನ್ನೂ ಒಂದು ಸಲವೂ ನೆಟ್ಟಗೆ ತಯಾರಾಗಿ ಬರೆದಿಲ್ಲ. ಅವಳ ಪಾಲಿಗೆ ಎರಡನೇ ಸಲವೇ ನಿಜವಾದ ಮೊದಲನೆಯ ಸಲ. ಆದರೆ ನಮ್ಮ ಊರುಗಳಲ್ಲಿ ಆಗುವುದೇನು? ಇನ್ನೊಂದು ವರ್ಷ ಸಿಗುವುದು ಆ ಹುಡುಗನಿಗೆ. ಹುಡುಗಿಗೆ ಹತ್ತಿರದ ಕಾಲೇಜಿನಲ್ಲಿ ಬಿಎಸ್‌ಸಿ. "ಹೆಣ್ ಮಗು ಸಾರ್, ಒಂದ್ ವರ್ಷ ಮನೇಲಿ ಕೂತ್ರೆ ನೆಂಟ್ರೆಲ್ಲ ಏನಂತಾರೆ? ಗಂಡು ನೋಡೋಕೆ ಶುರು ಮಾಡ್ತಾರೆ" ಎಂದು ಅಪ್ಪ ಹೇಳುವುದನ್ನು ನಾನು ಕೇಳಿದ್ದೇನೆ. ಅವರು ಕೆಟ್ಟವರಲ್ಲ, ಹೆದರಿದವರು. ಆದರೂ ಹೇಳಬೇಕಾದ್ದು ಹೇಳಲೇಬೇಕು: ಮಗನಿಗೆ ಎರಡು ಚಾನ್ಸು, ಮಗಳಿಗೆ ಒಂದೇ ಚಾನ್ಸು ಎಂಬ ಮನೆಯ ನಿಯಮ ಅನ್ಯಾಯದ್ದು.

ಅಂಕದ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರನ್ನು ದಾರಿ ತಪ್ಪಿಸುತ್ತಿದೆ. "ಹೋದ ವರ್ಷ ಇಷ್ಟಕ್ಕೆ ಸೀಟು ಸಿಕ್ಕಿತ್ತು, ಈ ವರ್ಷ ನಮ್ಮ ಮಗನಿಗೆ ಅಷ್ಟು ಬಂದಿಲ್ಲ" ಎಂದು ಅಂಕಕ್ಕೆ ಅಂಕ ಹೋಲಿಸುತ್ತಾರೆ. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಬಂದಿತ್ತು. 2025ರ ಮೇ 4ರ ಪರೀಕ್ಷೆಯಲ್ಲಿ ಫಿಸಿಕ್ಸ್ ಪ್ರಶ್ನೆಗಳು ಮಕ್ಕಳನ್ನು ಅಳಿಸಿದವು. ಇಡೀ ದೇಶಕ್ಕೆ ಮೊದಲಿಗನಾದವನಿಗೇ ಬಂದದ್ದು 686. ಒಂದು ವರ್ಷದ ಅಂತರದಲ್ಲಿ ಅದೇ ಅಂಕದ ಬೆಲೆ ಅಷ್ಟು ಬದಲಾಯಿತು. ನೋಡಬೇಕಾದ್ದು ರ‍್ಯಾಂಕು. ಅದರಲ್ಲೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಕಟ್ ಆಫ್ ಪಟ್ಟಿಯಲ್ಲಿ ನಿಮ್ಮ ಮಗುವಿನ ಕೆಟಗರಿಯ ಎದುರಿನ ಸಂಖ್ಯೆ. 3ಎಜಿ, 3ಎಕೆ, 3ಎಆರ್ ಎಂದು ಅಲ್ಲಿ ಬೇರೆ ಬೇರೆ ಕಾಲಮುಗಳಿರುತ್ತವೆ. ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ ಮಗುವಿಗೆ ಬಿಇಒ ಕಚೇರಿಯ ಸಹಿ ಬಿದ್ದ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ ಎಷ್ಟು ಮುಖ್ಯವೆಂದು ಎಷ್ಟೋ ಮನೆಗಳಿಗೆ ಕೊನೆಯ ಗಳಿಗೆಯವರೆಗೆ ಗೊತ್ತಿರುವುದಿಲ್ಲ. ನಿಮ್ಮ ಕಾಲಮಿನ ಕೊನೆಯ ರ‍್ಯಾಂಕಿಗೂ ಮಗುವಿನ ರ‍್ಯಾಂಕಿಗೂ ಇರುವ ದೂರ ಚಿಕ್ಕದಾಗಿದ್ದರೆ ಮಾತು ಬೇರೆ. ಲಕ್ಷಾಂತರ ರ‍್ಯಾಂಕುಗಳ ದೂರವಿದ್ದರೆ ಮಾತು ಬೇರೆ.

"ಕ್ವಾಲಿಫೈ ಆಗಿದೆ" ಎಂಬ ಮಾತನ್ನೂ ಸರಿಯಾಗಿ ತಿಳಿಯಬೇಕು. 2025ರಲ್ಲಿ ಪರೀಕ್ಷೆ ಬರೆದವರು ಸುಮಾರು 22 ಲಕ್ಷ, ಅರ್ಹತೆ ಪಡೆದವರು 12 ಲಕ್ಷದ ಮೇಲೆ. ಆಗ ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು ಹೆಚ್ಚುಕಡಿಮೆ 1.2 ಲಕ್ಷ, ಅದರಲ್ಲಿ ಸರ್ಕಾರಿಯವು ಅರ್ಧದಷ್ಟು. ಫಲಿತಾಂಶದ ಮರುದಿನದಿಂದ ಫೋನ್ ಮಾಡುವ ಏಜೆಂಟರು ಈ ಅರ್ಹತೆಯನ್ನೇ ಸೀಟು ಎನ್ನುವಂತೆ ಮಾತನಾಡುತ್ತಾರೆ. ನಮ್ಮ ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾ ತಪ್ಪಿದರೆ ವರ್ಷದ ಶುಲ್ಕ ಹತ್ತು ಲಕ್ಷದ ಆಚೆ. ತೆಂಗಿನ ತೋಟ ಅಡವಿಟ್ಟು ಕಟ್ಟುವ ಹಣ ಅದು. ಹೊರದೇಶಕ್ಕೆ ಹೋಗುವವರ ಹಿಂದೆಯೂ ಇದೇ ಲೆಕ್ಕವಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಹುಡುಗ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವನೇ. ಇಲ್ಲಿ ಕೈಗೆಟುಕುವ ಸೀಟು ಸಿಗದೆ ಅಲ್ಲಿಗೆ ಹೋದದ್ದೆಂದು ಅವನ ತಂದೆ ಅಂದು ಇಡೀ ದೇಶಕ್ಕೆ ಹೇಳಿದರು. ಈ ದಾರಿಗಳೊಂದಿಗೆ ಹೋಲಿಸಿದರೆ ಒಂದು ವರ್ಷ ಮತ್ತೆ ಓದಿ ಹಿಮ್ಸ್‌ನಂಥ ಸರ್ಕಾರಿ ಕಾಲೇಜಿಗೆ ಪ್ರಯತ್ನಿಸುವುದು ಎಷ್ಟೋ ವಿವೇಕದ ಹೆಜ್ಜೆ. ಹಾಗಾಗಿಯೇ ಆ ವರ್ಷವನ್ನು ಲೆಕ್ಕ ಹಾಕಿ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ.

ಲೆಕ್ಕ ಶುರುವಾಗಬೇಕಾದ್ದು ಓಎಂಆರ್ ಹಾಳೆಯಿಂದ. ಪರೀಕ್ಷೆ ನಡೆಸುವ ಎನ್‌ಟಿಎ ಮಗು ತುಂಬಿದ ಹಾಳೆಯನ್ನೂ ಸರಿಯುತ್ತರಗಳನ್ನೂ ಕೊಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮಗುವೇ ಕೂರಲಿ. ಗೊತ್ತಿದ್ದೂ ಸಮಯ ಸಾಲದೆ ಬಿಟ್ಟದ್ದು ಎಷ್ಟು, ಓದೇ ಇಲ್ಲದ್ದು ಎಷ್ಟು, ಊಹೆ ಹೊಡೆದು ತಪ್ಪಾದದ್ದು ಎಷ್ಟು? ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಊಹೆಯ ನಲವತ್ತು ತಪ್ಪುಗಳನ್ನು ಮುಟ್ಟದೇ ಬಿಟ್ಟಿದ್ದರೂ ನಲವತ್ತು ಅಂಕ ಉಳಿಯುತ್ತಿತ್ತು. ಸಮಯದ ತೊಂದರೆ, ಊಹೆಯ ಚಟ ಇವೆರಡೂ ಅಭ್ಯಾಸದಿಂದ ಸರಿಹೋಗುತ್ತವೆ. ಅಂಥ ಮಗುವಿಗೆ ಇನ್ನೊಂದು ವರ್ಷ ಫಲ ಕೊಟ್ಟೀತು. ಫಿಸಿಕ್ಸ್‌ನ 45 ಪ್ರಶ್ನೆಗಳಲ್ಲಿ ಹತ್ತೂ ಸರಿಯಾಗದವನು ಬಯಾಲಜಿ ಪುಸ್ತಕವನ್ನು ಐದನೇ ಸಲ ತಿರುವಿ ಹಾಕಲು ಲಾಂಗ್ ಟರ್ಮ್ ಸೇರಿದರೆ ಬರುವ ಮೇ ತಿಂಗಳಿಗೂ ಅಲ್ಲೇ ಇರುತ್ತಾನೆ. ಫಿಸಿಕ್ಸನ್ನು ಬುಡದಿಂದ ಕಲಿಸುವವರು ಯಾರು, ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಶುಲ್ಕ ಕಟ್ಟಿ. ಗೋಡೆಯ ಮೇಲಿನ ಟಾಪರ್‌ಗಳ ಫೋಟೋ ನೋಡಿ ಕಟ್ಟಬೇಡಿ.

ಮೂರನೇ ಸಲದ ಬಗ್ಗೆ ನನಗೆ ಅಳುಕಿದೆ. ಐಐಟಿಗೆ ಹೋಗುವ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯನ್ನು ಸತತ ಎರಡು ವರ್ಷಗಳಲ್ಲಿ ಎರಡು ಸಲ ಮಾತ್ರ ಬರೆಯಬಹುದು. ನೀಟ್‌ಗೆ ಮಿತಿಯಿಲ್ಲ, 2022ರಿಂದ ಗರಿಷ್ಠ ವಯಸ್ಸಿನ ಕಟ್ಟೂ ಇಲ್ಲ. ಬಾಗಿಲು ತೆರೆದಿರುವುದು ಒಳ್ಳೆಯದೇ. ಆದರೆ ಎಲ್ಲಿ ನಿಲ್ಲಬೇಕೆಂದು ಹೇಳುವವರೂ ಇಲ್ಲ. ಎರಡನೇ ಸಲ ಅಂಕ ಕಣ್ಣಿಗೆ ಕಾಣುವಷ್ಟು ಏರದಿದ್ದರೆ ಮೂರನೆಯದಕ್ಕೆ ಹೋಗಬಾರದೆಂದು ಶುಲ್ಕ ಕಟ್ಟುವ ದಿನವೇ ಮನೆಯಲ್ಲಿ ಮಾತಾಡಿಕೊಂಡಿರಬೇಕು. ಜೊತೆಯವರೆಲ್ಲ ಕಾಲೇಜು ಸೇರಿದ ಮೇಲೆ ಒಬ್ಬರೇ ಹಾಸ್ಟೆಲ್ ಕೋಣೆಯಲ್ಲಿ ಅದೇ ಪುಸ್ತಕದೆದುರು ಕೂರುವ ಮಕ್ಕಳ ಮನಸ್ಸು ಎಷ್ಟು ಬೇಗ ಕುಸಿಯುತ್ತದೆಂದು ತಂದೆತಾಯಿಗೆ ತಿಳಿಯುವುದು ತಡವಾಗಿ. ಭಾನುವಾರದ ಫೋನಿನಲ್ಲಿ "ಟೆಸ್ಟಲ್ಲಿ ಎಷ್ಟು ಬಂತು" ಎನ್ನುವ ಮೊದಲು "ಊಟ ಮಾಡ್ದಾ ಮಗಾ, ನಿದ್ದೆ ಬರ್ತಾ ಇದೆಯಾ" ಎಂದು ಕೇಳಿ. ಮಾತು ತಡವರಿಸಿತೆಂದರೆ ಹೋಗಿ ನೋಡಿ ಬನ್ನಿ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬಿಳಿ ಕೋಟಿನ ಕನಸು ದೊಡ್ಡದು, ಅದನ್ನು ಕಿರಿದುಮಾಡಲು ಈ ಮಾತಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಿಂದ ಹೋದ ಡಾ. ಸಿ.ಎನ್. ಮಂಜುನಾಥ್ ಜಯದೇವ ಹೃದ್ರೋಗ ಸಂಸ್ಥೆಯನ್ನು ಬಡವರ ಆಸ್ಪತ್ರೆಯಾಗಿ ಬೆಳೆಸಿದ್ದನ್ನು ಕಂಡ ಜಿಲ್ಲೆ ನಮ್ಮದು. ಮಕ್ಕಳು ಕನಸು ಕಾಣದೆ ಇರುತ್ತಾರೆಯೇ? ಆದರೆ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜಿದೆ. ಪಶುವೈದ್ಯಕೀಯ, ಕೃಷಿ ಸೀಟುಗಳಲ್ಲಿ ಬಹುಪಾಲು ಸಿಇಟಿ ರ‍್ಯಾಂಕಿನ ಮೇಲೆ ಸಿಗುವಂಥವು. ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾವೂ ಇದೆ. ಹಾಲಿನ ಡೇರಿಯಿಲ್ಲದ ಹಳ್ಳಿ ಹುಡುಕಬೇಕಾದ ಈ ಸೀಮೆಯಲ್ಲಿ ಹಸುವಿನ ಡಾಕ್ಟರು ಯಾವ ಲೆಕ್ಕದಲ್ಲೂ ಕಡಿಮೆಯವರಲ್ಲ. ವೈದ್ಯಳಾಗಬೇಕು ಎಂಬ ಹಂಬಲ ಮಗುವಿನದೋ, ಮನೆಯ ಪ್ರತಿಷ್ಠೆಯದೋ ಎಂದು ಬಿಡಿಸಿ ನೋಡಲು ಈ ಆಯ್ಕೆಗಳನ್ನು ಅವಳ ಮುಂದೆ ಪ್ರಾಮಾಣಿಕವಾಗಿ ಇಡಬೇಕು. ಎಲ್ಲವನ್ನೂ ನೋಡಿಯೂ "ಇಲ್ಲಪ್ಪ, ನಾನು ಇನ್ನೊಂದ್ ಸಲ ಬರೀತೀನಿ" ಎಂದು ಅವಳೇ ಹೇಳಿದರೆ ಆ ಮಾತಿಗೆ ಬೆಲೆ ಕೊಡಿ.

ಇಷ್ಟು ಮನೆಗಳಿಗೆ ಹೇಳಿದ್ದು. ಸರ್ಕಾರಕ್ಕೆ ಹೇಳಬೇಕಾದ್ದು ಇದಕ್ಕಿಂತ ದೊಡ್ಡದು. ನಮ್ಮ ರಾಜ್ಯದಲ್ಲಿ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಜೆಇಇ ಮೇನ್ ಎರಡು ಸಲ ನಡೆಯುತ್ತದೆ. ನೀಟ್ ಮಾತ್ರ ಒಂದೇ ಸಲ. ಪರೀಕ್ಷೆಯ ಮಧ್ಯಾಹ್ನ ಜ್ವರ ಬಂದರೂ ಒಂದು ವರ್ಷ ಹೋದಂತೆ. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ಬೇಡವೆಂದು ನಿರ್ಣಯ ಮಾಡಿತು. ಆ ನಿರ್ಣಯ ದೆಹಲಿಯಲ್ಲಿ ಏನಾಗುವುದೋ ಕಾಯುತ್ತ ಕೂರುವಷ್ಟು ಹೊತ್ತು ಈ ಮಕ್ಕಳಿಗಿಲ್ಲ. ರಿಪೀಟರ್‌ಗಳನ್ನು ವ್ಯವಸ್ಥೆ ಹೇಗೆ ಮರೆಯುತ್ತದೆಂದು 2022ರ ಸಿಇಟಿಯಲ್ಲೇ ಕಂಡಿದ್ದೇವೆ. ಕೋವಿಡ್ ವರ್ಷದ ಪಿಯುಸಿ ಅಂಕವನ್ನು ರ‍್ಯಾಂಕಿಗೆ ಪರಿಗಣಿಸುವುದಿಲ್ಲವೆಂದು ಪ್ರಾಧಿಕಾರ ಹೇಳಿದಾಗ ಸುಮಾರು 24 ಸಾವಿರ ಮಕ್ಕಳು ಅತಂತ್ರರಾದರು. ಹೈಕೋರ್ಟು ಸೆಪ್ಟೆಂಬರ್ 3ರಂದು ಆ ನಿರ್ಧಾರವನ್ನು ರದ್ದುಮಾಡಿದ ಮೇಲಷ್ಟೇ ಅವರ ಮಾತಿಗೆ ದಾರಿಯಾಯಿತು.

ಮತ್ತೆ ಬರೆಯುವ ಮಗು ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ಲಿಲ್ಲ, ವಿದ್ಯಾರ್ಥಿವೇತನವಿಲ್ಲ, ಹುಡುಗನಾದರೆ ಬಸ್ ಪಾಸೂ ಇಲ್ಲ. ಸರ್ಕಾರಿ ಪಿಯು ಕಾಲೇಜುಗಳಲ್ಲಿ ನೀಟ್, ಸಿಇಟಿ ತರಬೇತಿ ಕೊಡುವ ಪ್ರಯತ್ನಗಳು ನಡೆದಿವೆ. ಆದರೆ ಅವು ಅಲ್ಲಿ ಓದುತ್ತಿರುವವರಿಗೆ. ಪಿಯುಸಿ ಮುಗಿಸಿ, ಕೆಲವೇ ಅಂಕಗಳಲ್ಲಿ ಸೀಟು ತಪ್ಪಿ, ಹೊಗೆಸೊಪ್ಪಿನ ಹರಾಜಿನ ದುಡ್ಡು ಬಂದರೆ ನೋಡೋಣ ಎಂದು ಕಾಯುತ್ತಿರುವ ರಾಮನಾಥಪುರದ ಕಡೆಯ ಮಗುವಿಗೆ ಅಲ್ಲಿ ಜಾಗವಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ ನಾಲ್ಕೂ ಕಡೆ ಸರ್ಕಾರಿ ಕಾಲೇಜಿನ ಕಟ್ಟಡಗಳಿವೆ. ಜುಲೈನಿಂದ ಏಪ್ರಿಲ್‌ವರೆಗೆ ಪ್ರತಿ ತಾಲ್ಲೂಕಿನಲ್ಲಿ ಒಂದು ಕೋಣೆ, ಫಿಸಿಕ್ಸ್ ಮತ್ತು ಕೆಮಿಸ್ಟ್ರಿಗೆ ಒಬ್ಬೊಬ್ಬ ಒಳ್ಳೆಯ ಉಪನ್ಯಾಸಕರು, ವಾರಕ್ಕೊಂದು ಪೂರ್ಣ ಟೆಸ್ಟು, ದೂರದವರಿಗೆ ಬಿಸಿಎಂ ಹಾಸ್ಟೆಲಿನಲ್ಲಿ ಕೆಲವು ಹಾಸಿಗೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಆದ್ಯತೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ನಮ್ಮ ನಾಲ್ವರು ಶಾಸಕರೂ ಜಿಲ್ಲಾ ಉಸ್ತುವಾರಿ ಸಚಿವರೂ ಒಟ್ಟಿಗೆ ಕೂತು ಮನಸ್ಸು ಮಾಡಿದರೆ ಮುಂದಿನ ಜುಲೈಗೇ ಇದನ್ನು ಆರಂಭಿಸಬಹುದು.