ಕೈಜಾರಿದ ಚೆಂಡಿಗೆ ಶಿಳ್ಳೆ ಬೇಡ

ಜಯನಗರ, ಬನಶಂಕರಿ, ಜೆ.ಪಿ. ನಗರದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಕೆಲವೊಮ್ಮೆ ಆಟದ ಅವಧಿಯೂ ಸಿಗುತ್ತದೆ. ಗಣಿತಕ್ಕೆ, ವಿಜ್ಞಾನಕ್ಕೆ ಪಾಠಯೋಜನೆ ಬರೆದು ತಿದ್ದಿಸಿಕೊಳ್ಳುವವರು ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಮಾತ್ರ ಶಿಳ್ಳೆಯೊಂದನ್ನೇ ಹಿಡಿದು ಇಳಿಯುತ್ತಾರೆ. ರೆಫರಿಯ ಕೆಲಸಕ್ಕೂ ಪೂರ್ವಸಿದ್ಧತೆ ಬೇಕು ಎಂಬುದು ನನ್ನ ವಾದ.

ಒಂದು ಉದಾಹರಣೆ ನೋಡೋಣ. ಪಾಸ್ ಹಿಡಿಯುವಾಗ ವಿದ್ಯಾರ್ಥಿನಿಯ ಕೈಯಿಂದ ಚೆಂಡು ಜಾರಿ ನೆಲಕ್ಕೆ ಪುಟಿಯುತ್ತದೆ. ಅವಳು ಅದನ್ನು ಹಿಡಿದು ಡ್ರಿಬಲ್ ಶುರುಮಾಡುತ್ತಾಳೆ. ಸುತ್ತಲಿನವರು ‘ಡಬಲ್, ಡಬಲ್’ ಎಂದು ಕೂಗುತ್ತಾರೆ. ರೆಫರಿ ಶಿಳ್ಳೆ ಊದಿ ಚೆಂಡನ್ನು ಎದುರು ತಂಡಕ್ಕೆ ಕೊಡುತ್ತಾರೆ. ಆದರೆ ಫಿಬಾ ನಿಯಮಾವಳಿಯ 24ನೇ ನಿಯಮದ ಪ್ರಕಾರ ಆಕಸ್ಮಿಕವಾಗಿ ಕೈಜಾರುವುದು ಡ್ರಿಬಲ್ ಅಲ್ಲ. ಅವಳ ಮೊದಲ ಡ್ರಿಬಲ್ ಆರಂಭವಾದದ್ದೇ ಆಮೇಲೆ. ತಪ್ಪು ತೀರ್ಪಿನದು, ಅವಳದಲ್ಲ.

ಎರಡೂ ಕೈ ಒಟ್ಟಿಗೆ ಚೆಂಡಿಗೆ ತಗುಲಿದರೆ ಅಥವಾ ಚೆಂಡು ಕೈಯಲ್ಲಿ ತಂಗಿದರೆ ಡ್ರಿಬಲ್ ಮುಗಿಯಿತು. ಆಮೇಲೆ ಚೆಂಡು ಕೈಜಾರಿದರೆ ಮತ್ತೆ ಹಿಡಿಯಬಹುದು, ಆದರೆ ಮತ್ತೆ ಡ್ರಿಬಲ್ ಮಾಡುವಂತಿಲ್ಲ. ಜಾರಿದ ಚೆಂಡು ಇನ್ನೊಬ್ಬ ಆಟಗಾರರಿಗೆ ತಗುಲಿದ್ದರೆ ಅದಕ್ಕೂ ಅವಕಾಶವಿದೆ. ಚೆಂಡು ತಲೆಯೆತ್ತರಕ್ಕೆ ಪುಟಿದರೂ ಅಷ್ಟಕ್ಕೇ ತಪ್ಪಾಗುವುದಿಲ್ಲ. ಅದು ಅಂಗೈಯಲ್ಲಿ ತಂಗಿತೇ ಎಂಬುದಷ್ಟೇ ಮುಖ್ಯ.

ನಲವತ್ತು ಮಕ್ಕಳ ತರಗತಿಯಲ್ಲಿ ಇಷ್ಟು ಸೂಕ್ಷ್ಮವೇಕೆ ಎಂದು ಕೇಳಬಹುದು. ಚೆಂಡು ಹೆಚ್ಚಾಗಿ ಕೈಜಾರುವುದು ಯಾರಿಗೆ? ಹೊಸದಾಗಿ ಕಲಿಯುವವರಿಗೆ. ಆಟ ಬಲ್ಲವರಿಗೆ ಈ ವಿನಾಯಿತಿಯ ಅಗತ್ಯ ಕಡಿಮೆ. ನಿಯಮವೇ ಕೊಟ್ಟ ರಕ್ಷಣೆಯನ್ನು ನಾವು ಅಜ್ಞಾನದಿಂದ ಕಿತ್ತುಕೊಂಡರೆ, ಮುಂದಿನ ವಾರ ಆ ಮಗು ಅಂಕಣದ ಅಂಚಿನಲ್ಲಿ ಚೀಲ ಕಾಯುತ್ತಾ ಕೂರುತ್ತದೆ.

ಶಿಳ್ಳೆ ಊದುವ ಮೊದಲು ಮೂರು ಪ್ರಶ್ನೆ ಸಾಕು: ಚೆಂಡು ಆಟಗಾರರ ಹಿಡಿತದಲ್ಲಿತ್ತೇ? ಡ್ರಿಬಲ್ ಮುಗಿದಿತ್ತೇ? ನಡುವೆ ಬೇರೆಯವರಿಗೆ ತಗುಲಿತೇ? ಉತ್ತರ ಖಚಿತವಿಲ್ಲದಿದ್ದರೆ ಆಟ ಸಾಗಲಿ. ಊದಿದ ಮೇಲೆ ಕಾರಣವನ್ನು ಒಂದೇ ವಾಕ್ಯದಲ್ಲಿ, ಕನ್ನಡದಲ್ಲಿ, ಆ ಮಗುವಿಗೆ ತಿಳಿಯುವಂತೆ ಹೇಳಬೇಕು.

ಆಟದ ಅವಧಿಯ ವೀಕ್ಷಣಾ ನಮೂನೆಯಲ್ಲಿ ‘ತೀರ್ಪಿಗೆ ಕಾರಣ ಹೇಳಿದರೇ?’ ಎಂಬ ಅಂಶವನ್ನೂ ಸೇರಿಸಬೇಕೆಂದು ನನ್ನ ಸಲಹೆ. ಉತ್ತರಪತ್ರಿಕೆಯಲ್ಲಿ ಅಂಕ ಕಳೆದಾಗ ಕಾರಣ ಬರೆಯಬೇಕೆಂದು ಕಲಿಯುತ್ತೇವಲ್ಲ, ಅಂಕಣದಲ್ಲಿ ಚೆಂಡು ಕಸಿದಾಗಲೂ ಮಗುವಿಗೆ ಕಾರಣ ಸಿಗಬೇಕು.