ಮದುವೆ ಮನೆಯ ಮುಟ್ಟಬಾರದ ಹೂವು

ಮದುವೆಗೆ ಹೂವಿನ ಅಲಂಕಾರ ಮಾಡುವವರ ಹತ್ತಿರ ಹೋದರೆ ಅವರು ಈಗ ಮೊದಲು ಕೇಳುವುದು ಯಾವ ಹೂವು ಬೇಕು ಅಂತಲ್ಲ, ಪ್ಯಾಲೆಟ್ ಏನು ಅಂತ. ಮುಂಬೈಯಾಗಲಿ, ಪುಣೆಯಾಗಲಿ, ಗುರುಗ್ರಾಮವಾಗಲಿ, ಅವರು ಟ್ಯಾಬ್ ತೆರೆದು ತೋರಿಸುವ ಚಿತ್ರಗಳು ಹೆಚ್ಚುಕಡಿಮೆ ಒಂದೇ. ತಿಳಿಗುಲಾಬಿ, ಕೆನೆ ಬಿಳುಪು, ಪೀಚ್, ನಡುವೆ ಬೂದಿ ಬೆರೆತ ಹಸಿರು ಎಲೆ. ವೇದಿಕೆಯ ಹಿಂದೆ ಗುಲಾಬಿ ಮತ್ತು ಹೈಡ್ರೇಂಜಿಯಾದ ಗೋಡೆ. ಮಂಟಪದ ಕಂಬಕ್ಕೆ ಅದೇ, ಊಟದ ಮೇಜಿಗೆ ಅದೇ, ಮದುಮಗನ ಕೋಟಿನ ಗುಂಡಿಗೂ ಅದರದ್ದೇ ಒಂದು ಮರಿ. ನೆಂಟರಿಗೆ ವಾಟ್ಸ್ಯಾಪಿನಲ್ಲಿ ಮುಂಚಿತವಾಗಿ ಸೂಚನೆ: ಈ ನಾಲ್ಕು ಬಣ್ಣದೊಳಗೆ ಯಾವುದಾದರೂ ಉಡಿ.

ಇದು ಚೆನ್ನಾಗಿ ಕಾಣುವುದಿಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಚೆನ್ನಾಗಿಯೇ ಕಾಣುತ್ತದೆ. ಕೆಂಪು ಪರದೆ, ಚಿನ್ನದ ಬಣ್ಣ ಬಳಿದ ಸಿಂಹಾಸನ, ಅದರ ಮೇಲೆ ಮಿಣುಕುವ ಬಲ್ಬು, ಇಂಥ ಕಲ್ಯಾಣ ಮಂಟಪಗಳನ್ನು ಮೂವತ್ತು ವರ್ಷ ನೋಡಿದ ಕಣ್ಣಿಗೆ ಈ ತಿಳಿಬಣ್ಣ ತಂಪೆನಿಸಿದರೆ ತಪ್ಪೇನಿಲ್ಲ. 2017ರ ಡಿಸೆಂಬರಿನಲ್ಲಿ ಇಟಲಿಯ ಟಸ್ಕನಿಯಲ್ಲಿ ಅನುಷ್ಕಾ ಶರ್ಮಾ ತಿಳಿಗುಲಾಬಿ ಲೆಹಂಗಾ ತೊಟ್ಟು ವಿರಾಟ್ ಕೊಹ್ಲಿಯನ್ನು ಮದುವೆಯಾದ ಚಿತ್ರಗಳು ಎಲ್ಲರ ಫೋನಿಗೂ ಬಂದವು. ಅಲ್ಲಿಂದಾಚೆಗೆ ಮದುವೆಯ ಹೆಣ್ಣು ಕೆಂಪನ್ನೇ ಉಡಬೇಕು ಎಂಬ ಉತ್ತರ ಭಾರತದ ಪಟ್ಟು ಸಡಿಲವಾಯಿತು. ಅದಕ್ಕೂ ಮೊದಲೇ, ಪ್ರತಿ ವರ್ಷ ಒಂದು ಬಣ್ಣವನ್ನು ಆರಿಸಿ ಜಗತ್ತಿಗೆ ಹಂಚುವ ಪ್ಯಾಂಟೋನ್ ಎಂಬ ಕಂಪನಿ 2016ಕ್ಕೆ ರೋಸ್ ಕ್ವಾರ್ಟ್ಜ್ ಎಂಬ ತಿಳಿಗುಲಾಬಿಯನ್ನೂ ಸೆರೆನಿಟಿ ಎಂಬ ತಿಳಿನೀಲಿಯನ್ನೂ ಒಟ್ಟಿಗೆ ಆರಿಸಿತ್ತು. 2024ಕ್ಕೆ ಪೀಚ್ ಫಜ್ ಬಂತು. ಆ ಪೀಚ್ ಫಜ್ ಅನ್ನು ನಮ್ಮ ಸೀರೆ ಅಂಗಡಿಯವರ ಮುಂದಿಟ್ಟರೆ ಅವರು ಒಂದು ಕ್ಷಣ ನೋಡಿ, ‘ಕನಕಾಂಬರ ಬಣ್ಣ, ಸ್ವಲ್ಪ ಮಂಕು’ ಎನ್ನುತ್ತಾರೆ. ರೋಸ್ ಕ್ವಾರ್ಟ್ಜಿನ ಪಕ್ಕದ್ದು ಅವರಿಗೆ ಈರುಳ್ಳಿ ಸಿಪ್ಪೆಯ ಬಣ್ಣ. ಅಂದರೆ ಮೆದು ಬಣ್ಣ ನಮಗೆ ಹೊಸತಲ್ಲ, ಅದರ ಹೆಸರಷ್ಟೇ ಹೊಸತು.

ಹೂವು ವಿದೇಶಿ ಎಂಬ ತಕರಾರೂ ನನ್ನದಲ್ಲ. ಮದುವೆ ಮನೆಯ ತೋರಣಕ್ಕೆ ನಾವು ‘ನಮ್ಮದು’ ಎಂದು ಕಟ್ಟುವ ಚೆಂಡು ಹೂ ಮೂಲತಃ ಮೆಕ್ಸಿಕೋ ಕಡೆಯದು. ಹಾರಕ್ಕೆ ಹಾಕುವ ಸುಗಂಧರಾಜವೂ ಅಲ್ಲಿಯದೇ. ಇನ್ನು ಗುಲಾಬಿಯ ಮಾತು ಬಂದರೆ, 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಈ ಊರಿನವರಿಗೆ ಗುಲಾಬಿ ಊಟದಷ್ಟೇ ಅಗತ್ಯ, ಅದು ಎಲ್ಲೆಲ್ಲೂ ಮಾರಾಟಕ್ಕಿದೆ ಎಂಬರ್ಥದ ಮಾತು ಬರೆದಿಟ್ಟು ಹೋಗಿದ್ದಾನೆ. ಹೊರಗಿನಿಂದ ಬಂದ ಹೂವನ್ನು ನಾವು ಎಂದೂ ಬಾಗಿಲಲ್ಲಿ ನಿಲ್ಲಿಸಿದವರಲ್ಲ.

ನನ್ನ ತಕರಾರು ಇಷ್ಟೇ: ಬಣ್ಣವನ್ನು ಮೊದಲು ಗೊತ್ತುಮಾಡಿ ಆಮೇಲೆ ಅದಕ್ಕೆ ಹೂವು ಹುಡುಕುವ ಈ ಕ್ರಮದಲ್ಲಿ ಹೂವು ಗೋಡೆಗೆ ಬಳಿಯುವ ಸುಣ್ಣವಾಗಿಬಿಟ್ಟಿದೆ. ಮದುವೆಯಲ್ಲಿ ಅದಕ್ಕೆ ಬೇರೊಂದು ಕೆಲಸವಿತ್ತು. ಅದು ಕೈಯಿಂದ ಕೈಗೆ ಹೋಗುತ್ತಿತ್ತು.

ಮೊದಲು ಸುಣ್ಣದ ವಿಷಯ. ಒಂದು ನಿರ್ದಿಷ್ಟ ತಿಳಿಗುಲಾಬಿ ಬೇಕು, ಅದಕ್ಕಿಂತ ಒಂದು ಛಾಯೆ ಗಾಢವಾದರೂ ಚಿತ್ರ ಕೆಡುತ್ತದೆ ಎಂದು ಹಟ ಹಿಡಿದರೆ ಋತು, ಊರು, ಮಾರುಕಟ್ಟೆಗೆ ಅಂದು ಬಂದದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ತಿಳಿಬಣ್ಣದ ಎಸಳಿಗೆ ಇನ್ನೊಂದು ಕಷ್ಟವಿದೆ. ಬೆರಳು ತಾಗಿದ ಜಾಗ, ನೀರು ನಿಂತ ಜಾಗ ಕಂದಿ ಕಾಣುತ್ತದೆ. ಚೆಂಡು ಹೂವಿನಲ್ಲಿ ಅಂಥ ಗಾಯ ಕಾಣುವುದಿಲ್ಲ, ಬಿಳಿ ಗುಲಾಬಿಯಲ್ಲಿ ಒಂದು ಗಂಟೆಯಲ್ಲಿ ಕಾಣುತ್ತದೆ. ಹೈಡ್ರೇಂಜಿಯಾವಂತೂ ನೀರಿಲ್ಲದೆ ತಲೆ ಎತ್ತಿ ನಿಲ್ಲದು. ಮೇ ತಿಂಗಳ ಹೈದರಾಬಾದಿನಲ್ಲಿ, ತೆರೆದ ಅಂಗಳದಲ್ಲಿ, ಹೋಮದ ಬಿಸಿಯ ಪಕ್ಕದಲ್ಲಿ ಅದನ್ನು ನಿಲ್ಲಿಸಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಹಾಗಾಗಿ ಇಂಥ ಹೂವಿನ ಕಾಂಡವನ್ನು ನೀರು ಕುಡಿಸಿದ ಹಸಿರು ಇಟ್ಟಿಗೆಗೆ ಚುಚ್ಚುತ್ತಾರೆ. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಫೋಮ್ ನೋಡಲು ಪಾಚಿಯಂತಿದ್ದರೂ ಜಾತಿಯಲ್ಲಿ ಪ್ಲಾಸ್ಟಿಕ್. ಪುಡಿಯಾಗುತ್ತದೆ, ಕರಗುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಹೂವಿನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ಗೋಡೆ ಕಳಚುವಾಗ ಹೂವೂ ಫೋಮೂ ಒಂದೇ ಚೀಲಕ್ಕೆ ಹೋಗುತ್ತವೆ.

ಬಣ್ಣ ಸಿಗದಿದ್ದರೆ ಬಳಿಯುವುದೂ ಉಂಟು. ಬಿಳಿ ಸುಗಂಧರಾಜದ ಕಡ್ಡಿಯನ್ನು ಬಣ್ಣದ ನೀರಿನಲ್ಲಿ ಅದ್ದಿಟ್ಟರೆ ಅದು ಗುಲಾಬಿಯೋ ನೀಲಿಯೋ ಆಗುತ್ತದೆ. ಅದಕ್ಕೂ ಆಗದಿದ್ದರೆ ಸ್ಪ್ರೇ. ಕೊನೆಯ ಮೆಟ್ಟಿಲು ಪ್ಲಾಸ್ಟಿಕ್ ಹೂವು. ಮೇಲಿನ ಸಾಲುಗಳಲ್ಲಿ, ಕೈಗೆಟುಕದ ಎತ್ತರದಲ್ಲಿ ಅದನ್ನೇ ತುಂಬುತ್ತಾರೆ, ಕಣ್ಣಳತೆಯ ಜಾಗದಲ್ಲಷ್ಟೇ ನಿಜ ಹೂವು. 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಇದೆ, ಪ್ಲಾಸ್ಟಿಕ್ ಹೂವು ಇಲ್ಲ. ಬಣ್ಣವೇ ಮುಖ್ಯವಾದರೆ ಇದರಲ್ಲಿ ತಪ್ಪು ಹುಡುಕುವುದೂ ಕಷ್ಟ. ಪ್ಲಾಸ್ಟಿಕ್ಕು ಹೇಳಿದ ಛಾಯೆಯಲ್ಲೇ ಬರುತ್ತದೆ, ಬಾಡುವುದಿಲ್ಲ, ಮುಂದಿನ ವಾರದ ಮದುವೆಗೂ ಆಗುತ್ತದೆ.

ಪ್ಲಾಸ್ಟಿಕ್ಕಿನಿಂದ ಆಗದ ಕೆಲಸ ಯಾವುದು ಎಂದು ಯೋಚಿಸಿದರೆ ನಮ್ಮ ಮದುವೆಯಲ್ಲಿ ಹೂವು ಏನು ಮಾಡುತ್ತಿತ್ತು ಎಂಬುದು ತಿಳಿಯುತ್ತದೆ.

ಬಾಗಿಲಲ್ಲಿ ತಟ್ಟೆ ಹಿಡಿದ ಹುಡುಗಿಯರು ಬಂದವರಿಗೆಲ್ಲ ಅರಿಶಿನ ಕುಂಕುಮದ ಜೊತೆ ಒಂದು ತುಂಡು ಮಲ್ಲಿಗೆ ಕೊಡುತ್ತಿದ್ದರು. ಮೊಳ ಹಾಕಿ ಕತ್ತರಿಸುವಾಗ ಯಾರಿಗೆ ದೊಡ್ಡ ತುಂಡು, ಯಾರಿಗೆ ಚಿಕ್ಕದು ಎಂಬುದರಲ್ಲೇ ಅರ್ಧ ರಾಜಕೀಯ. ಮುಡಿಯಲು ಪಿನ್ನಿಲ್ಲದವರಿಗೆ ಪಕ್ಕದಲ್ಲಿ ಕೂತವರು ತಮ್ಮದೊಂದನ್ನು ತೆಗೆದುಕೊಡುತ್ತಿದ್ದರು. ಗುರುತೇ ಇಲ್ಲದ ಇಬ್ಬರು ಹೆಂಗಸರ ನಡುವೆ ಮಾತು ಶುರುವಾಗಲು ಅಷ್ಟು ಸಾಕಿತ್ತು. ಹೆಣ್ಣಿಗೆ ಮೊಗ್ಗಿನ ಜಡೆ ಹೆಣೆಯಲು ಹಿಂದಿನ ಸಂಜೆಯಿಂದ ಇಬ್ಬರು ಮೂವರು ಸುತ್ತ ಕೂರಬೇಕು. ಮದುವೆ ಮನೆಯ ನಿಜವಾದ ಸುದ್ದಿಯೆಲ್ಲ ಹರಿದಾಡುವುದು ಆ ಗುಂಪಿನಲ್ಲಿ. ಹಾರ ಬದಲಾಯಿಸುವಾಗ ಎತ್ತರದ ಗಂಡು, ಕುಳ್ಳಿ ಹೆಣ್ಣು, ಸೋದರಮಾವನ ಹೆಗಲು, ಉಳಿದದ್ದು ನಿಮಗೇ ಗೊತ್ತು. ಮದುವೆ ಮುಗಿಸಿ ಊರಿಗೆ ಹೊರಟವರ ಬಸ್ಸಿನಲ್ಲಿ ರಾತ್ರಿಯೆಲ್ಲ ಅದೇ ವಾಸನೆ.

ಹೂವಿನ ಹಿಂದೆ ಇನ್ನೊಂದಷ್ಟು ಕೈಗಳಿದ್ದವು. ಉಡುಪಿ ಮಲ್ಲಿಗೆಯ ಅಳತೆಯನ್ನೇ ನೋಡಿ. ಶಂಕರಪುರದ ಕಡೆ ಅದನ್ನು ತೂಕದಲ್ಲಿ ಮಾರುವುದಿಲ್ಲ, ಎಣಿಕೆಯಲ್ಲಿ ಮಾರುತ್ತಾರೆ. ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ ಮೂರು ಸಾವಿರಕ್ಕೂ ಮೀರಿದ ಮೊಗ್ಗು. ಅಷ್ಟನ್ನೂ ಬೆಳಿಗ್ಗೆ ಬಿಸಿಲೇರುವ ಮುಂಚೆ ಕೊಯ್ದು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟುವವರು ಮನೆಯ ಹೆಂಗಸರು, ಹಿಂದೂ ಮನೆಯವರೂ ಕ್ರೈಸ್ತ ಮನೆಯವರೂ. ದರ ದಿನದಿನವೂ ಬೇರೆ. ಮದುವೆಯ ಕಾಲದಲ್ಲಿ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟುವುದುಂಟು, ಮುಹೂರ್ತವಿಲ್ಲದ ದಿನ ನೆಲಕಚ್ಚುವುದೂ ಉಂಟು. ನಮ್ಮ ಲಗ್ನಪತ್ರಿಕೆಗೂ ಅವರ ಮನೆಯ ಲೆಕ್ಕಪತ್ರಕ್ಕೂ ಅಷ್ಟು ಹತ್ತಿರದ ನಂಟು. ಉಡುಪಿ, ಮೈಸೂರು, ಹಡಗಲಿ, ಮೂರು ಮಲ್ಲಿಗೆಗೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಮುಡಿಯುವವರು ಇರದಿದ್ದರೆ ಆ ಪ್ರಮಾಣಪತ್ರವನ್ನು ಏನು ಮಾಡುವುದು?

ಗುಲಾಬಿ ಬೆಳೆಯುವವರೂ ರೈತರೇ ಅಲ್ಲವೇ ಎಂದು ಕೇಳಬಹುದು. ಹೌದು. ದೊಡ್ಡಬಳ್ಳಾಪುರ, ಹೊಸೂರಿನ ಸುತ್ತ ಪಾಲಿಹೌಸ್ ಹಾಕಿಕೊಂಡವರು ಈ ತಿಳಿಬಣ್ಣದ ಒಲವಿನಿಂದ ಬದುಕು ಕಟ್ಟಿಕೊಂಡಿದ್ದರೆ ಅದು ಒಳ್ಳೆಯದೇ. ಆದರೆ ಪಾಲಿಹೌಸ್ ಹಾಕಲು ಬಂಡವಾಳ ಬೇಕು, ಸಾಲ ಬೇಕು. ಮಲ್ಲಿಗೆಗೆ ಹಿತ್ತಲಿನ ಹತ್ತಿಪ್ಪತ್ತು ಗಿಡ ಸಾಕು, ಹಣ ನೇರ ಹೆಂಗಸಿನ ಕೈಗೆ ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ.

ಕಳೆದ ವರ್ಷ ಪುಣೆಯಲ್ಲಿ ನೆಂಟರ ಮದುವೆಯೊಂದಕ್ಕೆ ಹೋಗಿದ್ದೆ. ಹೆಣ್ಣಿನ ಅಜ್ಜಿ ಮನೆಯವರು ಉಡುಪಿಯಿಂದ ರಾತ್ರಿ ಬಸ್ಸಿಗೆ ಅಬ್ಬಲಿಗೆ ತರಿಸಿದ್ದರು. ಘಟ್ಟದ ಮೇಲಿನವರು ಕನಕಾಂಬರ ಎನ್ನುವ ಹೂವು ಅದೇ. ಬಾಳೆಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆಯಲ್ಲಿಟ್ಟು ಹನ್ನೆರಡು ಹದಿನಾಲ್ಕು ಗಂಟೆ ಜೋಪಾನ ಮಾಡಿ ತಂದದ್ದು. ಹೆಂಗಸರೆಲ್ಲ ಮುಡಿದು ವೇದಿಕೆ ಹತ್ತಿದಾಗ ಫೋಟೋ ತೆಗೆಯುವ ಹುಡುಗ ತುಂಬ ವಿನಯದಿಂದಲೇ, ‘ಆಂಟಿ, ಆ ಆರೆಂಜ್ ಮಾತ್ರ ಸ್ವಲ್ಪ ತೆಗೀತೀರಾ, ಹಿಂದಿನದಕ್ಕೆ ಹೊಡೆಯುತ್ತೆ’ ಎಂದ. ಹೆಚ್ಚಿನವರು ನಗುತ್ತ ತೆಗೆದು ಒಂದು ಸ್ಟೀಲು ತಟ್ಟೆಗೆ ಹಾಕಿದರು. ‘ಮದುವೆ ದಿನ ಮುಡಿದ ಹೂ ತೆಗೀಬಾರದು ಮಗಾ’ ಎಂದ ಒಬ್ಬರು ದೊಡ್ಡಮ್ಮ ಹಿಂದಿನ ಸಾಲಿಗೆ ಹೋಗಿ ನಿಂತರು. ಗಲಾಟೆ ಏನೂ ಆಗಲಿಲ್ಲ, ಊಟ ಚೆನ್ನಾಗಿತ್ತು. ನನಗೆ ಆ ತಟ್ಟೆ ಮಾತ್ರ ಮರೆಯುತ್ತಿಲ್ಲ. ಆ ಇಡೀ ಸಭಾಂಗಣದಲ್ಲಿ ಯಾರೋ ಯಾರಿಗೋ ಎಂದು ತಂದಿದ್ದ ಹೂವು ಅದೊಂದೇ.

ಇದಕ್ಕೆ ಬರಬಹುದಾದ ಗಟ್ಟಿ ಉತ್ತರವೊಂದಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಾಗಿಲಲ್ಲಿ ಹಂಚುತ್ತಿದ್ದ ಆ ಮಲ್ಲಿಗೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಗಂಡ ಸತ್ತವಳು ಬಂದಾಗ ತಟ್ಟೆ ಹಿಡಿದ ಹುಡುಗಿ ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಮುಖ ನೋಡುತ್ತಿದ್ದಳು. ಆ ನೋಟದ ನೋವು ಗೊತ್ತಿದ್ದವರು ಮದುವೆಗೇ ಬರುತ್ತಿರಲಿಲ್ಲ. ಗೋಡೆಯ ಹೂವು ಯಾರನ್ನೂ ಹೀಗೆ ವಿಂಗಡಿಸುವುದಿಲ್ಲ, ಅದರ ಮುಂದೆ ನಿಂತು ಯಾರು ಬೇಕಾದರೂ ಫೋಟೋ ತೆಗೆಸಿಕೊಳ್ಳಬಹುದು. ಸಂಪ್ರದಾಯವನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ಮರೆಮಾಚುವವರ ಜೊತೆ ನಾನಿಲ್ಲ. ಆದರೆ ಕೊಡುವುದರಲ್ಲಿ ಅನ್ಯಾಯವಿದ್ದರೆ ಎಲ್ಲರಿಗೂ ಕೊಡಬೇಕು. ಯಾರಿಗೂ ಕೊಡದೆ ಗೋಡೆಗೆ ಅಂಟಿಸುವುದು ಸುಲಭದ ದಾರಿ. ಈಗ ಕೆಲವು ಮನೆಗಳಲ್ಲಿ ತಟ್ಟೆಯನ್ನು ಬಾಗಿಲ ಬಳಿ ಮೇಜಿನ ಮೇಲಿಟ್ಟು, ಬೇಕಾದವರು ತೆಗೆದುಕೊಳ್ಳಲಿ ಎಂದು ಬಿಡುತ್ತಾರೆ. ಗಂಡಸರೂ ಒಂದು ತುಂಡು ಎತ್ತಿ ಜೇಬಿಗೆ ಹಾಕಿಕೊಳ್ಳುವುದನ್ನು ನೋಡಿದ್ದೇನೆ. ಇಷ್ಟು ಸಣ್ಣ ಬದಲಾವಣೆಗೆ ನಾವು ಇಷ್ಟು ಕಾಲ ಕಾದೆವಲ್ಲ!

ಊರ ಹೊರಗಿರುವ ನಮಗೆ ಇದೆಲ್ಲ ಎಲ್ಲಿ ಸಿಗಬೇಕು ಎಂಬ ಮಾತನ್ನು ಮಾತ್ರ ನಾನು ಅಷ್ಟಾಗಿ ಒಪ್ಪುವುದಿಲ್ಲ. ಮುಂಬೈಯಲ್ಲಿ ದಾದರ್ ಮಾರುಕಟ್ಟೆಯಿದೆ, ಮಾಟುಂಗಾದ ರಸ್ತೆಬದಿಯಲ್ಲಿ ದಕ್ಷಿಣದವರ ಹೂವಿನ ಅಂಗಡಿಗಳಿವೆ. ಪುಣೆಗೆ ಗುಲ್ಟೇಕಡಿ, ಚೆನ್ನೈಗೆ ಕೊಯಂಬೇಡು, ಹೈದರಾಬಾದಿಗೆ ಗುಡಿಮಲ್ಕಾಪುರ. ದೆಹಲಿಯವರಿಗೆ ಸ್ವಲ್ಪ ಕಷ್ಟ, ಗಾಜಿಪುರದ ಮಂಡಿಗೆ ನಸುಕಿನಲ್ಲೇ ಹೋಗಬೇಕು, ನಮ್ಮ ಕಡೆಯ ಕಟ್ಟಿದ ಮಾಲೆ ಬೇಕೆಂದರೆ ಮೊದಲೇ ಹೇಳಿಡಬೇಕು. ಚೆನ್ನೈಯವರ ಮುಂದೆ ಈ ವಿಷಯದಲ್ಲಿ ಉಳಿದವರು ಮಾತಾಡದಿರುವುದೇ ಲೇಸು. ಅಲ್ಲಿ ಕಚೇರಿಗೆ ಹೋಗುವವರೂ ಹೂ ಮುಡಿದೇ ಹೊರಡುತ್ತಾರೆ.

ಇನ್ನು ಮೆದು ಬಣ್ಣವೇ ಬೇಕು ಎನ್ನುವ ಮಗಳಿಗೆ, ಮಗನಿಗೆ. ಬೇಡ ಎನ್ನಬೇಡಿ. ಅಲಂಕಾರದವರು ಪ್ಯಾಲೆಟ್ ಕೇಳಿದಾಗ ಹೂವಿನ ಹೆಸರು ಹೇಳಿ. ಕೆನೆ ಬಿಳುಪಿಗೆ ಹಿಂಗಾರ. ಅಡಿಕೆಯ ಹಾಳೆ ಬಿಡಿಸಿದಾಗ ಹೊರಬರುವ ಆ ಗೊಂಚಲಿನ ಬಣ್ಣವನ್ನು ಯಾವ ಪ್ಯಾಂಟೋನೂ ಇನ್ನೂ ಹಿಡಿದಂತಿಲ್ಲ. ತಿಳಿಗುಲಾಬಿಗೆ ಪನ್ನೀರು ಗುಲಾಬಿ. ಎಸಳು ಬೇಗ ಉದುರುತ್ತದೆ ನಿಜ, ಆದರೆ ಅಂಗಡಿಯ ಉದ್ದ ಕಾಂಡದ ಗುಲಾಬಿಗೆ ಇಲ್ಲದ ಪರಿಮಳ ಅದಕ್ಕಿದೆ. ಬಿಳಿಗೆ ಮಲ್ಲಿಗೆ, ಸುಗಂಧರಾಜ. ಬೆಣ್ಣೆಯ ಹಳದಿಗೆ ತಿಳಿ ಸೇವಂತಿಗೆ. ಮಂಕು ಹಸಿರಿಗೆ ದವನ, ಮರುಗ. ಬೇಸಿಗೆಯ ಆರಂಭದ ಮದುವೆಯಾದರೆ ಸುರಗಿ ಕೇಳಿ. ಒಣಗಿದ ಮೇಲೂ ಸೀರೆಯ ಪೆಟ್ಟಿಗೆಯಲ್ಲಿ ವಾಸನೆ ಬಿಡದ ಹೂವು ಅದು. ಪೀಚ್ ಬೇಕಿದ್ದರೆ ಕನಕಾಂಬರವನ್ನು ಮಲ್ಲಿಗೆಯ ನಡುವೆ ಅಲ್ಲೊಂದು ಇಲ್ಲೊಂದು ಸೇರಿಸಿ ಕಟ್ಟಿಸಿ, ದೂರದಿಂದ ಎರಡೂ ಕಲೆತು ಆ ಬಣ್ಣವೇ ಕಾಣುತ್ತದೆ. ಬಾಸಿಂಗ ಕಟ್ಟುವವರಿಗೆ ಈ ಲೆಕ್ಕ ಮೊದಲಿನಿಂದಲೂ ಗೊತ್ತು.

ವೇದಿಕೆಯ ಹಿಂದೆ ಗೋಡೆ ಇರಲೇಬೇಕೆಂದರೆ ಅದು ಅರ್ಧವಾಗಲಿ. ಉಳಿದ ಅರ್ಧದ ದುಡ್ಡಿಗೆ ಎಷ್ಟು ಅಟ್ಟೆ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮುನ್ನೂರು ಜನರ ಮದುವೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಗೇಣು ಮಲ್ಲಿಗೆ ಕೊಟ್ಟರೂ ಮಿಗುತ್ತದೆ. ಹಿಂಗಾರಕ್ಕೆ ಮಾತ್ರ ಎರಡು ದಿನ ಮುಂಚೆ ಹೇಳಬೇಕು, ಅದು ಊರಿನಿಂದ ಬಸ್ಸಿನಲ್ಲಿ ಬರಬೇಕಲ್ಲ.